ನಮ್ಮದೊಂದು ಮತದಿಂದ ಏನಾದೀತು?

ಚುನಾವಣೆ ಸಮೀಪಿಸಿತೆಂದರೆ ಹುಬ್ಬಳ್ಳಿ-ಧಾರವಾಡಗಳಲ್ಲಿ ಒಂದು ಮಾತು ತಪ್ಪದೆ ಕೇಳಬರುತ್ತದೆ. "ಇಲ್ಲೆ ಯಾರು ಆರಿಸಿ ಬರತಾರಂಬೂದು ಮೊದಲ ಗೊತ್ತಿದ್ದದ್ದ ಅದರೀ. ನಮ್ಮದೊಂದು ಓಟಿನಿಂದ ಏನಾಗಬೇಕಾಗ್ಯದ?" ಅಂಗಡಿಯ ಕಟ್ಟೆಯ ಮೇಲೆ ಕುಳಿತವರೂ ಇದನ್ನೇ ಆಡುತ್ತಾರೆ; ಮಾಳಮಡ್ಡಿಯ ಪಡಸಾಲೆಗಳಲ್ಲಿ ಚಹದ ಬಟ್ಟಲು ಹಿಡಿದವರೂ ಇದನ್ನೇ ಆಡುತ್ತಾರೆ. ವಿಚಿತ್ರವೆಂದರೆ, ಇದು ಸೋಲುವ ಪಕ್ಷದವರ ಮಾತು ಮಾತ್ರವಲ್ಲ, ಗೆಲ್ಲುವ ಪಕ್ಷದವರದೂ ಹೌದು. ಅವರು ನಿರಾಶೆಯಿಂದ ಆಡುತ್ತಾರೆ, ಇವರು ನಿಶ್ಚಿಂತೆಯಿಂದ ಆಡುತ್ತಾರೆ. ಮನೆಯಲ್ಲಿ ಉಳಿಯುವುದರಲ್ಲಿ ಮಾತ್ರ ಇಬ್ಬರೂ ಒಂದಾಗುತ್ತಾರೆ.

ಇದು ಮನೆಮಂದಿ ಕೂಡಿ ಓದುವ ಪತ್ರಿಕೆ. ಯಾವ ಪಕ್ಷಕ್ಕೆ ಮತ ಕೊಡಬೇಕೆಂದು ವಾಚಕರಿಗೆ ಹೇಳುವ ಅಧಿಕಾರವು ನಮಗಿಲ್ಲ, ಇಚ್ಛೆಯಂತೂ ಮೊದಲೇ ಇಲ್ಲ. ಆದರೆ ಓದುಬರಹ ಬಲ್ಲ ಗೃಹಸ್ಥರು, ಪಂಚಾಂಗ ನೋಡಿ ಮುಹೂರ್ತ ಹಿಡಿಯುವವರು, ಹಾಲಿನವನ ಲೆಕ್ಕವನ್ನು ಪೈಸೆ ಬಿಡದೆ ನೋಡುವವರು, ಈ ಒಂದು ಲೆಕ್ಕವನ್ನು ಮಾತ್ರ ನೋಡದೆಯೇ ಮುಚ್ಚಿಬಿಡುತ್ತಾರೆಂಬುದು ನಮಗೆ ಸರಿದೋರುವುದಿಲ್ಲ. ಆದುದರಿಂದ ಲೆಕ್ಕದ ಪುಸ್ತಕವನ್ನೇ ತೆರೆದು ನೋಡುವುದು ಮೇಲು.

1952ರಲ್ಲಿ ದೇಶದ ಮೊದಲನೆಯ ಸಾರ್ವತ್ರಿಕ ಚುನಾವಣೆ ಮುಗಿದಾಗ ನಮ್ಮ ಭಾಗವು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಿತು. ಲೋಕಸಭೆಯ ಕ್ಷೇತ್ರಕ್ಕೆ ಧಾರವಾಡ ಉತ್ತರವೆಂದು ಹೆಸರು. ಕಾಂಗ್ರೆಸ್ಸಿನ ಡಿ. ಪಿ. ಕರಮರಕರ ಅವರು ಆರಿಸಿ ಬಂದರು, 1957ರಲ್ಲಿಯೂ ಅವರೇ. 1962ರಿಂದ 1977ರ ವರೆಗೆ ನಾಲ್ಕು ಸಲ ಡಾ. ಸರೋಜಿನಿ ಮಹಿಷಿಯವರು, 1980ರಿಂದ 1991ರ ವರೆಗೆ ನಾಲ್ಕು ಸಲ ಡಿ. ಕೆ. ನಾಯ್ಕರ ಅವರು. ಹೀಗೆ ಹತ್ತು ಚುನಾವಣೆಗಳಲ್ಲಿಯೂ ಒಂದೇ ಪಕ್ಷ. 1977ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಕಾಂಗ್ರೆಸ್ಸು ಬೇರುಸಹಿತ ಕಿತ್ತುಹೋದಾಗಲೂ ಕರ್ನಾಟಕವು ತನ್ನ 28 ಸ್ಥಾನಗಳಲ್ಲಿ 26ನ್ನು ಅದಕ್ಕೇ ಕೊಟ್ಟಿತು. ಧಾರವಾಡ ಉತ್ತರವೂ ಕದಲಲಿಲ್ಲ.

ಆ ಮೇಲೆ 1996ರಲ್ಲಿ ಭಾರತೀಯ ಜನತಾ ಪಕ್ಷದ ವಿಜಯ ಸಂಕೇಶ್ವರ ಅವರು ಗೆದ್ದರು. 1998ರಲ್ಲಿಯೂ 1999ರಲ್ಲಿಯೂ ಅವರೇ ಗೆದ್ದರು. 2004ರಿಂದ 2024ರ ವರೆಗೆ ಐದು ಸಲ ಪ್ರಲ್ಹಾದ ಜೋಶಿಯವರು. 2009ರಿಂದ ಕ್ಷೇತ್ರದ ಹೆಸರು ಬರಿಯ ಧಾರವಾಡವೆಂದಾಯಿತು, ಗೆಲ್ಲುವ ಪಕ್ಷವು ಬದಲಾಗಲಿಲ್ಲ. ಎಂಟು ಚುನಾವಣೆ, ಮತ್ತೆ ಒಂದೇ ಪಕ್ಷ.

ಎಪ್ಪತ್ತೆರಡು ವರ್ಷ, ಹದಿನೆಂಟು ಚುನಾವಣೆ, ಐದು ಜನ ಪ್ರತಿನಿಧಿಗಳು, ಪಕ್ಷದ ಬದಲಾವಣೆ ಒಂದೇ ಒಂದು. 1952ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕೂಸು ನಲವತ್ತನಾಲ್ಕು ವರ್ಷದ ಗೃಹಸ್ಥನಾದಾಗ ಆ ಬದಲಾವಣೆಯನ್ನು ಕಂಡಿತು. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿಗೆ ಬಂದರೂ ಎರಡನೆಯದನ್ನು ಕಾಣಲಿಲ್ಲ. ಇಂಥ ಊರಿನಲ್ಲಿ "ಮೊದಲ ಗೊತ್ತಿದ್ದದ್ದ" ಎನ್ನುವವರನ್ನು ಮೂರ್ಖರೆನ್ನಲಾಗದು. ಅವರ ಕಣ್ಣಿಗೆ ಕಂಡುದು ನಿಜವೇ.

ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. 1991ರಲ್ಲಿ ಹತ್ತನೆಯ ಸಲ ಗೆದ್ದ ಪಕ್ಷವು ಹನ್ನೊಂದನೆಯ ಸಲ ಸೋತು, ಮುಂದೆ ಮೂವತ್ತು ವರ್ಷ ತಲೆ ಎತ್ತಲಾರದೆಂದು ಆಗ ಯಾರಾದರೂ ಹೇಳಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಇಂದಿನ ನಿಶ್ಚಯಕ್ಕಿಂತ ಅಂದಿನ ನಿಶ್ಚಯವು ಎರಡು ಚುನಾವಣೆಗಳಷ್ಟು ದೊಡ್ಡದಾಗಿದ್ದಿತು. ಅದು ಒಂದು ರಾತ್ರಿಯಲ್ಲಿ ಮುರಿದು ಬೀಳಲಿಲ್ಲ. ಮುರಿದುದರ ಸದ್ದು ಕೇಳಿದ್ದು 1996ರಲ್ಲಿ. ಬಿರುಕು ಬಿಟ್ಟದ್ದು ಎಷ್ಟೋ ಹಿಂದೆ.

ಮಹಿಷಿಯವರು ಎರಡನೆಯ ಸಲ ಲೋಕಸಭೆಗೆ ಹೋದ 1967ರಲ್ಲಿಯೇ ಹುಬ್ಬಳ್ಳಿ ಶಹರದಿಂದ ವಿಧಾನಸಭೆಗೆ ಜನಸಂಘದ ಸದಾಶಿವ ಶೆಟ್ಟರ ಅವರು ಆರಿಸಿ ಬಂದಿದ್ದರು. ದಿಲ್ಲಿಗೆ ಒಬ್ಬರನ್ನು, ಬೆಂಗಳೂರಿಗೆ ಬೇರೊಬ್ಬರನ್ನು ಕಳುಹಿಸುವ ವಿವೇಕ ಈ ಊರಿಗೆ ಆಗಲೇ ಇದ್ದಿತು. 1980ರ ಜುಲೈ 21ರಂದು ಮಲಪ್ರಭೆಯ ಕಾಲುವೆಯ ಕರದ ವಿಷಯವಾಗಿ ನವಲಗುಂದ ನರಗುಂದಗಳಲ್ಲಿ ರೈತರು ಸಿಡಿದೆದ್ದರು, ಗೋಳೀಬಾರುಗಳಾದವು. ಆ ಬೆಂಕಿಯು ನಾಡಿನಲ್ಲೆಲ್ಲ ಹಬ್ಬಿ, 1983ರಲ್ಲಿ ರಾಜ್ಯದಲ್ಲಿ ಮೊಟ್ಟಮೊದಲನೆಯ ಕಾಂಗ್ರೆಸ್ಸೇತರ ಸರಕಾರವು ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಬಂದಿತು. 1984ರ ಡಿಸೆಂಬರದಲ್ಲಿ ಲೋಕಸಭೆಗೆ ಮತ ಹಾಕಿದಾಗ ಕರ್ನಾಟಕದವರು 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಎದುರಿಗೆ ನಿಂತಾಗ, 1985ರ ಮಾರ್ಚಿನಲ್ಲಿ, ಅದೇ ಜನರು ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟರು. ನಡುವೆ ಕಳೆದ ಕಾಲವು ಮೂರು ತಿಂಗಳೂ ಸರಿಯಾಗಿ ಇರಲಿಲ್ಲ. ಹುಬ್ಬಳ್ಳಿ ಗ್ರಾಮೀಣದಿಂದ ಆ ಸಲ ಗೆದ್ದವರು ಎಸ್. ಆರ್. ಬೊಮ್ಮಾಯಿಯವರು. ಅವರು 1988ರಲ್ಲಿ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲ್‌ನಲ್ಲಿ ಅವರ ಸರಕಾರವನ್ನು ವಜಾ ಮಾಡಲಾಯಿತು. ಬಹುಮತವಿದೆಯೋ ಇಲ್ಲವೋ ಎಂಬುದನ್ನು ರಾಜ್ಯಪಾಲರ ಕೋಣೆಯಲ್ಲಲ್ಲ, ಶಾಸನಸಭೆಯಲ್ಲಿಯೇ ಎಣಿಸಿ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಅವರದೇ ಹೆಸರಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪಿನಿಂದ ದೇಶದ ಎಷ್ಟೋ ಸರಕಾರಗಳ ಪ್ರಾಣ ಉಳಿಯಿತು. ಆ ಮೊಕದ್ದಮೆಯ ಬೇರು ಹುಬ್ಬಳ್ಳಿಯ ಸುತ್ತಲಿನ ಹಳ್ಳಿಗರು ಹಾಕಿದ ಮತಗಳಲ್ಲಿದ್ದಿತು.

1990ರಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಪದದಿಂದ ಇಳಿಸಿದ್ದು, ಹುಬ್ಬಳ್ಳಿಯ ಈದಗಾ ಮೈದಾನದ ವಾದ, 1994ರ ಆಗಸ್ಟ್ 15ರ ಗೋಳೀಬಾರು, ಜನತಾದಳದ ಒಡಕು, ಇವೆಲ್ಲ ಕೂಡಿ ಮುಂದಿನ ಕೆಲಸ ಮಾಡಿದವು. ಅವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಚರ್ಚೆಯನ್ನು ನಾವು ಇಲ್ಲಿ ಮಾಡುವುದಿಲ್ಲ. ಆ ಚರ್ಚೆಗೆ ಊರಲ್ಲಿ ಬೇಕಾದಷ್ಟು ಕಟ್ಟೆಗಳಿವೆ. 1994ರ ಕೊನೆಗೆ ಜಗದೀಶ ಶೆಟ್ಟರ ಅವರು ಹುಬ್ಬಳ್ಳಿ ಗ್ರಾಮೀಣದಲ್ಲಿ ಗೆದ್ದರು, ಎರಡು ವರ್ಷ ತುಂಬುವುದರೊಳಗೆ ಲೋಕಸಭೆಯೂ ತಿರುಗಿತು. ನಮಗೆ ಬೇಕಾದ ಸಂಗತಿಯು ಇಷ್ಟೇ. 1991ರ ವರೆಗೆ ಸೋಲುವ ಪೆಟ್ಟಿಗೆಗೇ ಮತ ಹಾಕುತ್ತ ಬಂದವರಿಗೂ ನೆರೆಹೊರೆಯವರು "ಸುಮ್ಮನೆ ಯಾಕ ಹೋಗತೀರಿ?" ಎಂದೇ ಕೇಳಿದ್ದಾರು. ಅವರೆಲ್ಲ ಆ ಮಾತು ಕೇಳಿ ಮನೆಯಲ್ಲಿ ಕುಳಿತಿದ್ದರೆ ಎಣಿಸಲಿಕ್ಕೆ ಏನೂ ಉಳಿಯುತ್ತಿರಲಿಲ್ಲ. ಉಮೇದುವಾರನ ಠೇವಣಿ ಹೋಗುತ್ತಿದ್ದಿತು. ಠೇವಣಿ ಕಳೆದುಕೊಂಡ ಊರಿನತ್ತ ಯಾವ ಪಕ್ಷವೂ ಮತ್ತೆ ಹಣೆ ತಿರುಗಿಸುವುದಿಲ್ಲ. ಬಿದ್ದ ಮತಗಳ ಆರರಲ್ಲಿ ಒಂದು ಪಾಲನ್ನೂ ಪಡೆಯದವನ ಠೇವಣಿಯು ಸರಕಾರಕ್ಕೆ ಸೇರುತ್ತದೆಂಬ ನಿಯಮವಿರುವಾಗ, ಸೋಲುವವನಿಗೆ ಬಿದ್ದ ಮತವು ನೀರಲ್ಲಿ ಹೋದ ಹೋಮವೆಂದು ಹೇಳುವುದು ಹೇಗೆ?

ಇದಕ್ಕೂ ಹಿಂದಿನ ಒಂದು ನೆನಪನ್ನು ಹಿರಿಯರು ಬಲ್ಲರು, ಕಿರಿಯರಿಗೆ ಹೇಳಬೇಕು. 1952ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಈ ಭಾಗದಲ್ಲಿ ಅಜೇಯವಾಗಿದ್ದಿತು. ಕನ್ನಡಿಗರೆಲ್ಲರೂ ಒಂದು ರಾಜ್ಯದಲ್ಲಿ ಕೂಡಬೇಕೆಂಬ ಬೇಡಿಕೆಯನ್ನು ಅರ್ಜಿಗಳ ಮೇಲೆ ಅರ್ಜಿ ಬರೆದು ಕೇಳಿದ್ದಾಯಿತು; ದಿಲ್ಲಿಯ ಕಿವಿಗೆ ಅದು ಬೀಳಲಿಲ್ಲ. 1953ರ ಮಾರ್ಚ್ 28ರಂದು ಹುಬ್ಬಳ್ಳಿಗೆ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣ ಉಪವಾಸಕ್ಕೆ ಕುಳಿತರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನರ ಸಿಟ್ಟು ಬೀದಿಗೆ ಬಂದಿತು. ಎಷ್ಟೋ ಜನ ಗಾಯಗೊಂಡರು, ಎಷ್ಟೋ ಜನ ಸೆರೆಮನೆ ಕಂಡರು. ಆ ಗಲಭೆಯ ಬೆನ್ನಿಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸು ಹುಬ್ಬಳ್ಳಿ-ಧಾರವಾಡದಲ್ಲಿಯೇ ಸೋತು ಏಕೀಕರಣ ಪಕ್ಷವು ಗೆದ್ದಿತು. ಅದೇ ವರ್ಷದ ಡಿಸೆಂಬರದಲ್ಲಿ ರಾಜ್ಯಗಳ ಪುನರ್ರಚನೆಗಾಗಿ ಫಜಲ್ ಅಲಿಯವರ ಆಯೋಗವು ನೇಮಕವಾಯಿತು. 1956ರ ನವೆಂಬರ್ 1ರಂದು ಧಾರವಾಡವು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಒಂದು ಚುನಾವಣೆಯಿಂದಲೇ ಇದೆಲ್ಲ ಆಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆಂಧ್ರದಲ್ಲಿ ಪೊಟ್ಟಿ ಶ್ರೀರಾಮುಲು ಅವರ ಪ್ರಾಣವೇ ಹೋಗಿದ್ದಿತು. ಆದರೆ ಸದಾ ತಮ್ಮದೆಂದು ನಂಬಿದ್ದ ಊರೇ ಒಮ್ಮೆ ಕೈಬಿಟ್ಟಾಗ ಆಳುವವರಿಗೆ ಆಗುವ ಚುರುಕು, ನೂರು ಅರ್ಜಿಗಳಿಂದ ಆಗುವುದಿಲ್ಲ. ಮುಂದೆ 1957ರಲ್ಲಿ ಇದೇ ಜನರು ಮತ್ತೆ ಕಾಂಗ್ರೆಸ್ಸನ್ನೇ ಆರಿಸಿದರೆಂಬುದನ್ನೂ ವಾಚಕರು ಗಮನಿಸಬೇಕು. ಅವರು ಪಕ್ಷವನ್ನು ಬಿಟ್ಟಿರಲಿಲ್ಲ. ಒಮ್ಮೆ ಕಿವಿ ಹಿಂಡಿದ್ದರು.

ಇರಲಿ, ಹಳೆಯ ಕಥೆ ಸಾಕು. ಇಂದಿನ ಅಂಕಿಗಳಿಗೆ ಬರೋಣ.

2019ರಲ್ಲಿ ಧಾರವಾಡ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 2,05,072 ಮತಗಳು. 2024ರಲ್ಲಿ ಅದು 97,324ಕ್ಕೆ ಇಳಿಯಿತು. ಗೆದ್ದವರು ಅವರೇ, ಪಕ್ಷವೂ ಅದೇ. ಆದರೆ ಅಂತರವು ಅರ್ಧಕ್ಕಿಂತ ಕಡಿಮೆಯಾಯಿತು. ಆ ಚುನಾವಣೆಯಲ್ಲಿ ನೂರಕ್ಕೆ 74ರಷ್ಟು ಜನರು ಮತ ಹಾಕಿದರು. ಹಾಕದೆ ಉಳಿದವರು ನಾಲ್ಕು ಲಕ್ಷಕ್ಕೂ ಮಿಕ್ಕವರು. ಎಂದರೆ ಗೆಲುವಿನ ಅಂತರದ ನಾಲ್ಕು ಪಟ್ಟಿಗಿಂತಲೂ ಹೆಚ್ಚು.

ಇಲ್ಲಿ ನಾವು ವಾಚಕರನ್ನು ಮೋಸಗೊಳಿಸಬಾರದು. ಈ ನಾಲ್ಕು ಲಕ್ಷ ಜನರು ಬಂದಿದ್ದರೆ ಫಲವು ತಿರುಗಿಯೇ ತೀರುತ್ತಿತ್ತೆಂದು ಸಭೆಗಳಲ್ಲಿ ಭಾಷಣ ಮಾಡುವವರುಂಟು, ಅದು ಸರಿಯಲ್ಲ. ಬಾರದವರೂ ಬಂದವರ ಪ್ರಮಾಣದಲ್ಲಿಯೇ ಹಂಚಿಹೋಗಿದ್ದರೆ ಗೆದ್ದವರೇ ಮತ್ತೆ ಗೆಲ್ಲುತ್ತಿದ್ದರು. ಹದಿಮೂರು ಲಕ್ಷ ಮತಗಳ ನಡುವೆ ಒಬ್ಬ ಗೃಹಸ್ಥನ ಒಂದು ಮತದಿಂದಲೇ ತೀರ್ಪು ಬದಲಾಗುವ ಸಂಭವವು ಇಲ್ಲವೆಂದೇ ಹೇಳಬೇಕು. ಇನ್ನೂ ಒಂದು ಕಠಿನ ಸತ್ಯವಿದೆ. 2024ರಲ್ಲಿ ಸೋತ ಕಾಂಗ್ರೆಸ್ ಉಮೇದುವಾರರಿಗೆ 6,18,907 ಮತಗಳು ಬಿದ್ದಿದ್ದವು. ಯಾರಿಗೆ ಒಂದು ಮತ ಹೆಚ್ಚೋ ಅವರಿಗೇ ಪೂರಾ ಸ್ಥಾನವೆಂಬ ನಮ್ಮ ಪದ್ಧತಿಯಲ್ಲಿ ಆ ಆರು ಲಕ್ಷ ಜನರಿಗೆ ತಮ್ಮವರೆಂದು ದಿಲ್ಲಿಯಲ್ಲಿ ಒಬ್ಬರೂ ಇಲ್ಲ. ನಾಳೆ ಗಾಳಿ ತಿರುಗಿದರೆ ಇದೇ ಕೊರಗು ಇನ್ನೊಂದು ಪಕ್ಷದ ಲಕ್ಷಾಂತರ ಜನರ ಪಾಲಿಗೆ ಬರುವುದು. 1991ರ ವರೆಗೆ ಬಂದೇ ಇದ್ದಿತು. ಈ ಕೊರಗನ್ನು ಸೋಮಾರಿತನವೆಂದು ಗದರಿಸುವವರು ಅದರ ಭಾರವನ್ನು ಹೊತ್ತು ನೋಡಿದವರಲ್ಲ.

ಮಾಳಮಡ್ಡಿಯಲ್ಲಿ ನಮಗೆ ಪರಿಚಿತರಾದ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಲೋಕಸಭೆಯ ಚುನಾವಣೆಯಲ್ಲಿ ಅವರು ಮತ ಹಾಕಿದವರು ಒಮ್ಮೆಯೂ ಗೆದ್ದಿಲ್ಲ. ಮೊದಲು ಜನತಾ ಪಕ್ಷದವರಾಗಿದ್ದು ಕಾಂಗ್ರೆಸ್ಸಿನೆದುರು ಸೋತರು. ಅದು ಒಡೆದ ಮೇಲೆ ಕಾಂಗ್ರೆಸ್ಸಿನ ಕಡೆ ಬಂದು ಈಗ ಮತ್ತೆ ಸೋಲುತ್ತಿದ್ದಾರೆ. "ಸರ್, ನಿಮ್ಮ ಕಾಲಗುಣ ನೋಡಿ ನಾವು ಆ ಕಡೆ ಹಾಕತೇವಿ" ಎಂದು ಅವರ ಹಳೆಯ ವಿದ್ಯಾರ್ಥಿಗಳು ಚೇಷ್ಟೆ ಮಾಡುವುದುಂಟು. ಇಷ್ಟಾದರೂ ಯಾಕೆ ತಪ್ಪದೆ ಹೋಗುತ್ತೀರೆಂದು ನಾವು ಕೇಳಿದೆವು. ಅವರೆಂದರು: "ಗೆದ್ದಾಂವಗ ನಾ ಅವನ ಕಡೆ ಇಲ್ಲಂಬೂದು ಗೊತ್ತಾಗಬೇಕಲ್ರೀ. ನಾ ಮನ್ಯಾಗ ಕೂತರ ಅಂವ ನನ್ನನ್ನೂ ತನ್ನ ಲೆಕ್ಕದಾಗ ಹಿಡೀತಾನ."

ಮಾಸ್ತರರ ಮಾತಿನಲ್ಲಿ ಚುನಾವಣೆಯ ಮರ್ಮವೇ ಇದೆಯೆಂದು ನಮಗೆ ತೋರುತ್ತದೆ. ಎಣಿಕೆಯ ದಿನ ಸಂಜೆ ಊರೆಲ್ಲ ನೋಡುವುದು ಗೆದ್ದವರ ಹೆಸರನ್ನು. ಪಕ್ಷದ ಕಚೇರಿಗಳಲ್ಲಿ ರಾತ್ರಿ ನೋಡುವುದು ಅಂತರವನ್ನು. ಚುನಾವಣಾ ಆಯೋಗವು ಪ್ರತಿಯೊಂದು ಮತಗಟ್ಟೆಯ ಲೆಕ್ಕವನ್ನೂ ಬೇರೆ ಬೇರೆಯಾಗಿ ನಮೂನೆ 20 ಎಂಬ ಪಟ್ಟಿಯಲ್ಲಿ ಪ್ರಕಟಿಸುತ್ತದೆ. ಯಾವ ಓಣಿಯಲ್ಲಿ ಎಷ್ಟು ಬಂದಿತು, ಎಷ್ಟು ಹೋಯಿತು, ಯಾವ ಓಣಿಯವರು ಹೊರಗೇ ಬರಲಿಲ್ಲ ಎಂಬುದೆಲ್ಲ ಅದರಿಂದ ಬಯಲಾಗುತ್ತದೆ. ಮುಂದಿನ ಸಲ ಯಾರಿಗೆ ಟಿಕೀಟು, ಎಲ್ಲಿ ಸಭೆ, ಯಾವ ಓಣಿಯ ಗಟಾರಕ್ಕೆ ಮೊದಲು ಕಲ್ಲು ಎಂಬ ವಿಚಾರಗಳು ಆ ಪಟ್ಟಿಯ ಮುಂದೆ ಕುಳಿತೇ ನಡೆಯುತ್ತವೆ. ಮತ ಹಾಕದ ಓಣಿಗೆ ಅಲ್ಲಿ ಬಾಯಿಲ್ಲ. ಗೆಲ್ಲುವ ಪಕ್ಷದ ಅಭಿಮಾನಿಗಳು ಇದನ್ನು ಇನ್ನೂ ಚೆನ್ನಾಗಿ ಅರಿಯಬೇಕು. 2024ರ ಮೇ 7, ಮಂಗಳವಾರ, ನಮ್ಮಲ್ಲಿ ಮತದಾನದ ರಜೆ. ಮಕ್ಕಳ ಶಾಲೆಗೂ ಬೇಸಿಗೆಯ ಸೂಟಿ. "ಹೆಂಗೂ ನಮ್ಮವರ ಬರತಾರ" ಎಂದು ದಾಂಡೇಲಿಗೋ ಗೋವೆಗೋ ಕಾರು ಹೊಡೆದುಕೊಂಡು ಹೋದವರು ನಮಗೆ ಗೊತ್ತು. ಕಡಿಮೆಯಾದ ಅಂತರವನ್ನು ಕಂಡು ಆ ಮೇಲೆ ಪೇಚಾಡಿದವರೂ ಅವರೇ.

ದೊಡ್ಡ ಕ್ಷೇತ್ರದ ಮಾತು ಹೀಗಾಯಿತು. ಕ್ಷೇತ್ರವು ಚಿಕ್ಕದಾದಷ್ಟೂ ಗೊತ್ತಿದ್ದದ್ದು ಕಡಿಮೆಯಾಗುತ್ತ ಹೋಗುತ್ತದೆ. ಇದೇ ಧಾರವಾಡ ಲೋಕಸಭಾ ಕ್ಷೇತ್ರದೊಳಗಿನ ಕುಂದಗೋಳವನ್ನು ನೋಡಿರಿ. ಸವಾಯಿ ಗಂಧರ್ವರ ಆ ಊರು ಹುಬ್ಬಳ್ಳಿಗೆ ಎಷ್ಟು ದೂರ? 2018ರಲ್ಲಿ ಅಲ್ಲಿ ವಿಧಾನಸಭೆಗೆ ಗೆದ್ದವರ ಅಂತರ 634 ಮತ. 2019ರ ಉಪಚುನಾವಣೆಯಲ್ಲಿ 1,601. ಒಂದು ದೊಡ್ಡ ಮದುವೆಯ ಊಟದ ಪಂಕ್ತಿಗಳಲ್ಲಿ ಕುಳಿತಷ್ಟು ಜನ. ಇನ್ನು ಚಾಮರಾಜನಗರದತ್ತ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಕಾಂಗ್ರೆಸ್ಸಿನ ಧ್ರುವನಾರಾಯಣರಿಗೆ 40,752, ಜಾತ್ಯತೀತ ಜನತಾದಳದ ಕೃಷ್ಣಮೂರ್ತಿಯವರಿಗೆ 40,751. ಒಂದೇ ಒಂದು ಮತ! ಇದು ಸಾವಿರದಲ್ಲೊಂದು ಎಂದು ನಾವೂ ಒಪ್ಪುತ್ತೇವೆ. ಆದರೆ ಅಂದು ಮನೆಯಲ್ಲಿ ಕುಳಿತು ಉಳಿದ ಇಬ್ಬರ ನಿದ್ದೆಯನ್ನು ನೆನೆಸಿಕೊಂಡರೆ ಕನಿಕರವಾಗುತ್ತದೆ.

ಶಿಗ್ಗಾಂವಿಯ ಮಾತು ಇನ್ನೂ ಹೊಸದು. ಹಾವೇರಿ ಜಿಲ್ಲೆಯದಾದರೂ ಅದು ಧಾರವಾಡ ಲೋಕಸಭೆಗೇ ಸೇರಿದೆ. 2008, 2013, 2018, 2023, ನಾಲ್ಕು ಸಲ ಬಸವರಾಜ ಬೊಮ್ಮಾಯಿಯವರು ಅಲ್ಲಿ ಗೆದ್ದರು, ಮುಖ್ಯಮಂತ್ರಿಗಳೂ ಆದರು. ಅವರು ಹಾವೇರಿಯಿಂದ ಲೋಕಸಭೆಗೆ ಹೋದ ಮೇಲೆ 2024ರ ನವೆಂಬರದಲ್ಲಿ ಉಪಚುನಾವಣೆ ನಡೆಯಿತು. ಅವರ ಮಗನೇ ಉಮೇದುವಾರ. ಕಾಂಗ್ರೆಸ್ಸಿನ ಯಾಸಿರ ಅಹಮದ ಖಾನ ಪಠಾಣರು 13,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಲ್ಲಿಯೂ ಎಲ್ಲ "ಗೊತ್ತಿದ್ದದ್ದ" ಆಗಿದ್ದಿತು.

ಗೊತ್ತಿದ್ದದ್ದು ಪಕ್ಷವೋ ವ್ಯಕ್ತಿಯೋ ಎಂಬುದೂ ಒಂದು ಸ್ವಾರಸ್ಯದ ಪ್ರಶ್ನೆ. ಜಗದೀಶ ಶೆಟ್ಟರ ಅವರು 1994ರಿಂದ 2018ರ ವರೆಗೆ ಆರು ಸಲ ಹುಬ್ಬಳ್ಳಿಯಿಂದ ಗೆದ್ದವರು, ಮುಖ್ಯಮಂತ್ರಿಗಳಾಗಿದ್ದವರು. 2023ರಲ್ಲಿ ಟಿಕೀಟು ತಪ್ಪಿ ಕಾಂಗ್ರೆಸ್ಸಿಗೆ ಹೋಗಿ ಅದೇ ಹುಬ್ಬಳ್ಳಿ-ಧಾರವಾಡ ಕೇಂದ್ರದಲ್ಲಿ ನಿಂತಾಗ ಮಹೇಶ ಟೆಂಗಿನಕಾಯಿಯವರ ಎದುರು 34,000ಕ್ಕೂ ಮಿಕ್ಕ ಮತಗಳಿಂದ ಸೋತರು. ಮುಂದೆ ಮರಳಿ ಹಳೆಯ ಪಕ್ಷಕ್ಕೆ ಬಂದು 2024ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದರೆಂಬುದು ಬೇರೆ ಮಾತು. ಆದರೆ ಬಸವರಾಜ ಹೊರಟ್ಟಿಯವರು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ 2022ರ ವರೆಗೆ ಸತತ ಎಂಟು ಸಲ ವಿಧಾನ ಪರಿಷತ್ತಿಗೆ ಆರಿಸಿ ಬಂದವರು; ಎಂಟನೆಯ ಸಲ ಪಕ್ಷ ಬದಲಿಸಿ ನಿಂತರೂ ಗೆದ್ದರು. ಒಂದೇ ಊರು, ನಡುವೆ ಒಂದೇ ವರ್ಷ. ಒಬ್ಬರನ್ನು ಪಕ್ಷಕ್ಕಾಗಿ ಬಿಟ್ಟರು, ಒಬ್ಬರನ್ನು ಪಕ್ಷ ನೋಡದೆ ಹಿಡಿದರು. ಮತದಾರರ ಮನಸ್ಸನ್ನು ಬಲ್ಲೆವೆನ್ನುವ ಪಂಡಿತರು ಈ ಎರಡನ್ನೂ ಕೂಡಿಸಿ ಒಂದು ಸೂತ್ರ ಬರೆದು ತೋರಿಸಲಿ!

ನಮ್ಮ ಗೃಹಿಣಿಯರಿಗೆ ಇವೆಲ್ಲಕ್ಕಿಂತ ಹತ್ತಿರದ ಚುನಾವಣೆಯೆಂದರೆ ಮಹಾನಗರಪಾಲಿಕೆಯದು. ದಿಲ್ಲಿಯಲ್ಲಿ ಯಾರು ಕುಳಿತರೇನು, ನಳದ ನೀರು ಬರುವುದು ವಾರ್ಡಿನಿಂದ. ಐದಾರು ದಿನಕ್ಕೊಮ್ಮೆ ಬರುವ ನೀರಿಗಾಗಿ ರಾತ್ರಿಯೆದ್ದು ಕೊಡ, ಹಂಡೆ, ಪಿಂಪುಗಳನ್ನು ಸಾಲಾಗಿ ಇಟ್ಟ ಕಾಲವನ್ನು ಈ ಎರಡೂ ಊರಿನವರು ಕಂಡಿದ್ದಾರೆ. ಪಕ್ಕದ ಕೆಲವು ವಾರ್ಡುಗಳಲ್ಲಿ ಮಾತ್ರ ದಿನವೆಲ್ಲ ನೀರು ಬರುವ ಪ್ರಯೋಗವು ಮೊದಲು ನಡೆದುದನ್ನೂ ಹೊಟ್ಟೆಯುರಿದು ಕಂಡಿದ್ದಾರೆ. ಆ ಪಾಲಿಕೆಗೆ 2013ರಲ್ಲಿ ಆರಿಸಿದ್ದ ಸಭೆಯ ಅವಧಿಯು 2019ರಲ್ಲಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಮೇಯರರ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷ ಊರಿಗೆ ಆರಿಸಿದ ಯಜಮಾನರೇ ಇರಲಿಲ್ಲ, ಅಧಿಕಾರಿಗಳ ಆಡಳಿತ. ಇಷ್ಟು ದಿನ ಕಾಯಿಸಿ ಬಂದ ಆ ಚುನಾವಣೆಯಲ್ಲಿ ಮತ ಹಾಕಿದವರಾದರೂ ಎಷ್ಟು? ನೂರಕ್ಕೆ 54ರ ಸುಮಾರು. ಉಳಿದವರು ಪ್ರಾಯಶಃ ಇದನ್ನೂ ಮೊದಲೇ ಗೊತ್ತಿದ್ದದ್ದೆಂದೇ ತಿಳಿದಿದ್ದರು. ಫಲವನ್ನು ನೋಡಿರಿ: 82 ವಾರ್ಡುಗಳಲ್ಲಿ ಭಾಜಪಕ್ಕೆ 39, ಕಾಂಗ್ರೆಸ್ಸಿಗೆ 33, ಮಜಲಿಸ್ ಪಕ್ಷಕ್ಕೆ 3, ಜನತಾದಳಕ್ಕೆ 1, ಪಕ್ಷೇತರರಿಗೆ 6. ಲೋಕಸಭೆಯನ್ನು ಲಕ್ಷ ಮತಗಳಿಂದ ಗೆಲ್ಲುವ ಊರಿನಲ್ಲಿ ಯಾವ ಪಕ್ಷಕ್ಕೂ ಅರ್ಧದಷ್ಟು ವಾರ್ಡುಗಳು ಬರಲಿಲ್ಲ. ನೂರೈವತ್ತು ಇನ್ನೂರು ಮತಗಳಲ್ಲಿ ಅತ್ತಿತ್ತಾಗುವಂಥ ವಾರ್ಡಿನಲ್ಲಿ ಒಂದು ಚಾಳಿನ ಮನೆಗಳಷ್ಟೇ ಸಾಕು. 2025ರ ಜನವರಿಯಲ್ಲಿ ರಾಜ್ಯದ ಮಂತ್ರಿಮಂಡಲವು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಮಾಡಲು ಒಪ್ಪಿಗೆ ಕೊಟ್ಟಿತು. 1962ರಿಂದ ಕೂಡಿದ್ದ ಮನೆಯನ್ನು ಪಾಲು ಮಾಡಿದರೆ ವಾರ್ಡುಗಳ ಗಡಿಗಳೂ ಹೊಸದಾಗುತ್ತವೆ. ಹಳೆಯ ಲೆಕ್ಕದಿಂದ ಭವಿಷ್ಯ ಹೇಳುವವರಿಗೆ ಆಗ ಕವಡೆ ಎತ್ತಿಡದೆ ಗತ್ಯಂತರವಿಲ್ಲ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮತವೆಂಬುದು ಇಷ್ಟು ಅಗ್ಗವಾಗಿರಲಿಲ್ಲವೆಂಬುದನ್ನು ಒಂದು ಮಾತಿನಲ್ಲಿ ಹೇಳಿಬಿಡಬೇಕು. 1937ರಲ್ಲಿ ಮುಂಬಯಿ ಪ್ರಾಂತದ ಶಾಸನಸಭೆಗೆ ಚುನಾವಣೆ ನಡೆದಾಗ ಆಸ್ತಿ, ತೆರಿಗೆ, ವಿದ್ಯೆ ಇವುಗಳಲ್ಲಿ ಏನಾದರೊಂದು ಇದ್ದವರಿಗಷ್ಟೇ ಹಕ್ಕು. ಎಲ್ಲರಿಗೂ ಮತವೆಂದು 1951-52ರಲ್ಲಿ ಸಾರಿದಾಗ ಉತ್ತರದ ಪ್ರಾಂತಗಳಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿ ತಮ್ಮ ಸ್ವಂತ ಹೆಸರು ಹೇಳಲು ನಾಚಿದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರುಗಳನ್ನು ಯಾದಿಯಿಂದ ಕಿತ್ತುಹಾಕಬೇಕಾಯಿತು. ಧಾರವಾಡವಾದರೋ ಹತ್ತು ವರ್ಷದೊಳಗೆ ಒಬ್ಬ ಮಹಿಳೆಯನ್ನೇ ಲೋಕಸಭೆಗೆ ಕಳುಹಿಸಿತು.

ಕೊನೆಗೆ, ಓದಿದವರ ಮನೆಗಳಿಗಾಗಿಯೇ ಒಂದು ಕೆಲಸದ ಮಾತು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು ಕೂಡಿ ಪಶ್ಚಿಮ ಪದವೀಧರರ ಕ್ಷೇತ್ರವಾಗಿದೆ. ವಿಧಾನ ಪರಿಷತ್ತಿನ ಈ ಸ್ಥಾನಕ್ಕೆ ಆರು ವರ್ಷಕ್ಕೊಮ್ಮೆ ಚುನಾವಣೆ. 2020ರ ಅಕ್ಟೋಬರದಲ್ಲಿ ನಡೆದಿತ್ತು. ಇಲ್ಲಿ ಮತ ಹಾಕುವ ರೀತಿಯೇ ಬೇರೆ. ಉಮೇದುವಾರರ ಹೆಸರುಗಳ ಮುಂದೆ 1, 2, 3 ಎಂದು ನಮ್ಮ ಮನಸ್ಸಿನ ಕ್ರಮದಲ್ಲಿ ಅಂಕಿಗಳನ್ನು ಬರೆಯಬೇಕು. ಗೆಲುವಿಗೆ ಬೇಕಾದಷ್ಟು ಮತ ಯಾರಿಗೂ ಬಾರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ತೆಗೆದು, ಅವರಿಗೆ ಬಿದ್ದ ಮತಗಳನ್ನು ಎರಡನೆಯ ಅಂಕಿ ಯಾರಿಗಿದೆಯೋ ಅವರಿಗೆ ಸಾಗಿಸುತ್ತಾರೆ. ಸೋತವರಿಗೆ ಕೊಟ್ಟ ಮತವೂ ಅಲ್ಲಿಗೆ ಸಾಯುವುದಿಲ್ಲ. "ನಮ್ಮವರು ಹೆಂಗೂ ಬರೂದಿಲ್ಲ" ಎನ್ನುವವರು ಬಯಸುವ ಪದ್ಧತಿಯು ಇದಕ್ಕಿಂತ ಬೇರೆ ಏನಿದ್ದೀತು?

ಆದರೆ ಈ ಕ್ಷೇತ್ರದ ಯಾದಿಯಲ್ಲಿ ಹೆಸರು ತಾನಾಗಿ ಬರುವುದಿಲ್ಲ. ಕಳೆದ ಸಲ ಇದ್ದವರದೂ ಈ ಸಲ ಇರುವುದಿಲ್ಲ. ಪ್ರತಿಯೊಂದು ಚುನಾವಣೆಗೂ ಹೊಸ ಯಾದಿಯೇ. ನಮ್ಮಲ್ಲಿ ಗೋಡೆಗೆ ಪದವಿಯ ಚಿತ್ರಪಟ ತೂಗುಹಾಕಿದ ಮನೆಗಳು ಎಷ್ಟೋ ಇವೆ. ಯಾದಿಯಲ್ಲಿ ಹೆಸರಿದ್ದ ಮನೆಗಳು ಎಷ್ಟೆಂದು ಓಣಿಯಲ್ಲಿ ವಿಚಾರಿಸಿ ನೋಡಿದರೆ ತಿಳಿದೀತು. ಸೊಸೆ ಬೇರೆ ಊರಿನ ವಿಶ್ವವಿದ್ಯಾಲಯದ ಪದವೀಧರೆಯಾದರೂ ಅಡ್ಡಿಯಿಲ್ಲ, ಈಗ ಈ ನಾಲ್ಕು ಜಿಲ್ಲೆಗಳೊಳಗೆ ವಾಸವಾಗಿದ್ದರೆ ಆಯಿತು. ಯಾದಿ ಮಾಡುವ ವರ್ಷದ ನವೆಂಬರ್ 1ಕ್ಕೆ ಪದವಿ ಪಡೆದು ಮೂರು ವರ್ಷ ತುಂಬಿರಬೇಕು. ಅರ್ಜಿಯ ನಮೂನೆಯ ಸಂಖ್ಯೆ 18. ಅದರೊಡನೆ ಪದವಿಯ ಪ್ರಮಾಣಪತ್ರದ ನಕಲನ್ನು ಇಟ್ಟು ಕೊಡತಕ್ಕದ್ದು.